ರೇವಮ್ಮ ತೊಟ್ಟ ನಿಧಿಯ ಉಂಗುರ

ಹುತ್ರಿದುರ್ಗದ ಸುತ್ತ ರಾಗಿ ಹೊಲಕ್ಕೆ ಹಾಳೂರಿನ ಮಣ್ಣು ಹೊಡೆಯುವ ರೂಢಿ ಇತ್ತು. ಹಿಂದೆಂದೋ ಜನ ಬಾಳಿ ಬಿಟ್ಟುಹೋದ ಜಾಗದ ಮಣ್ಣು. ಬೂದಿ, ಸಗಣಿ, ಮೂಳೆ ಎಲ್ಲ ಬೆರೆತು ಗೊಬ್ಬರವೇ ಆಗಿರುತ್ತದೆ. ೧೯೭೮ರ ಬೇಸಿಗೆಯಲ್ಲಿ ಚನ್ನವೀರಯ್ಯನ ಹೊಲದಲ್ಲಿ ಆ ಮಣ್ಣು ಹರಡುತ್ತಿದ್ದ ಕೂಲಿಯಾಳು ರೇವಮ್ಮನ ಗುದ್ದಲಿಗೆ ಒಂದು ಕುಡಿಕೆ ಸಿಕ್ಕಿ ಒಡೆಯಿತು. ಒಳಗೆ ಬೆಳ್ಳಿ ಉಂಗುರ. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಎರಡು ಮೀನು, ಸುತ್ತ ಬಳ್ಳಿ ಕಂಡವು. ಐದಾರು ನೂರು ವರ್ಷದ್ದಿರಬೇಕು ಎಂದರು ಊರಿನ ಮೇಷ್ಟ್ರು.

ರೇವಮ್ಮನಿಗೆ ಆಗ ನಲವತ್ತೈದು. ಮೈಮೇಲೆ ಬೆಳ್ಳಿ ಅಂತ ಹಿಂದೆ ಇದ್ದದ್ದು ಕಾಲುಂಗುರ ಮಾತ್ರ. ಗಂಡ ಸತ್ತ ದಿನ ಅದನ್ನೂ ತೆಗೆಸಿದ್ದರು.

ಹೊಲ ನನ್ನದು, ಉಂಗುರವೂ ನನ್ನದೇ ಎಂದ ಚನ್ನವೀರಯ್ಯ. ಆದರೆ ಹಾಕಿಕೊಳ್ಳಲು ಪುಕ್ಕಲು. ನಿಧಿಗೆ ಕಾವಲು ಭೂತ ಇರುತ್ತದೆ, ಮೊದಲು ತೊಟ್ಟವರನ್ನು ಬಲಿ ತೆಗೆದುಕೊಳ್ಳುತ್ತದೆ ಎಂದು ನಂಬಿದ ಆಸಾಮಿ. ಅಮಾವಾಸ್ಯೆ ಕಳೆಯುವವರೆಗೆ ನೀನೇ ಹಾಕಿಕೊಂಡಿರು, ಆಮೇಲೆ ಕೊಡು ಎಂದು ಅವಳಿಗೇ ತೊಡಿಸಿದ.

ಬಾವಿಕಟ್ಟೆಯಲ್ಲಿ ಹೆಂಗಸರು ಎರಡನೇ ಮದುವೆಯಾ ಎಂದು ರೇಗಿಸಿದರು.

"ಊಂ ಕಣೇ, ಭೂತನೇ ಗಂಡು. ಕುಡಿಯಲ್ಲ, ಹೊಡೆಯಲ್ಲ" ಎಂದಳು.

ಅಮಾವಾಸ್ಯೆ ಹೋಯಿತು. ಅವಳಿಗೆ ನೆಗಡಿ ಕೂಡ ಆಗಲಿಲ್ಲ. ಮಾರನೆಯ ದಿನವೇ ಚನ್ನವೀರಯ್ಯ ಬಾಗಿಲಿಗೆ ಬಂದು ಕೈ ಚಾಚಿದ.

"ಸಾಯಾಕೆ ನನ್ ಬೆರಳು, ಮೆರೆಯಾಕೆ ನಿಮ್ ಬೆರಳಾ, ಯಜಮಾನ್ರೆ? ಕೊಡಕಿಲ್ಲ."

ಕಳ್ಳತನದ ಕಂಪ್ಲೇಂಟು ಕೊಡುತ್ತೇನೆ ಎಂದು ಅವನು ಬೆದರಿಸಿ ಹೋದ. ಸ್ಟೇಷನ್ನಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ. ನಮ್ಮ ಕೂಲಿಕಾರರ ಸಂಘಕ್ಕೆ ಬಂದು ಏನು ಮಾಡಲಿ ಎಂದು ಕೇಳಿದಳು. ಇದ್ದದ್ದನ್ನೇ ಹೇಳಿದೆವು: ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಸುಮ್ಮನೆ ಇಟ್ಟುಕೊಳ್ಳುವ ಹಕ್ಕು ಅವನಿಗೂ ಇಲ್ಲ, ನಿನಗೂ ಇಲ್ಲ. ಎರಡು ದಿನ ಉಂಗುರ ತೊಟ್ಟೇ ಓಡಾಡಿದಳು. ಆ ಉಂಗುರ ಅವಳಿಗೆ ಬೇಕಾಗಿತ್ತು. ಕಳ್ಳಿ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಮೂರನೆಯ ದಿನ ಕುಣಿಗಲ್ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ.

ತಾಲ್ಲೂಕು ಕಚೇರಿಯ ಗುಮಾಸ್ತ ಹೇಳಿಕೆ ಬರೆದು ಓದಿದ: ಚನ್ನವೀರಯ್ಯನವರ ಹೊಲದಲ್ಲಿ ಕೂಲಿ ಹೆಂಗಸೊಬ್ಬಳಿಗೆ ದೊರೆತದ್ದು. ಹೆಬ್ಬೆಟ್ಟು ಒತ್ತು ಎಂದ. ರೇವಮ್ಮ ಕೈ ಮುಂದೆ ಮಾಡಲಿಲ್ಲ.

"ಆ ಹೆಂಗ್ಸಿಗೆ ಹೆಸ್ರಿಲ್ವಾ ಸ್ವಾಮಿ? ರೇವಮ್ಮ ಅಂತ ಬರ್ಕೊಳಿ. ತಾನೇ ತಂದು ಕೊಟ್ಲು ಅಂತಾನೂ ಬರ್ಕೊಳಿ. ಆಮೇಲ್ ಬಿಚ್ತೀನಿ."

ಅವನು ಗೊಣಗಿಕೊಂಡು ಬೇರೆ ಹಾಳೆ ತೆಗೆದ. ಬರೆದದ್ದನ್ನು ಎರಡು ಸಲ ಓದಿಸಿದಳು. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಉಂಗುರ ಜಾರಿಸಿ ಮೇಜಿನ ಮೇಲಿಟ್ಟಳು. ಅದು ತುಮಕೂರಿನ ಜಿಲ್ಲಾ ಕಚೇರಿಗೆ ಹೋಯಿತು ಎಂದು ಕೇಳಿದ್ದೇವೆ, ನೋಡಿದವರಿಲ್ಲ.

ಆ ವರ್ಷ ಕಳೆ ಕೀಳಲು ಚನ್ನವೀರಯ್ಯ ಅವಳನ್ನು ಕರೆಯಲಿಲ್ಲ. ಉಳಿದ ಹೊಲದವರೆಲ್ಲ ಕರೆದರು.