ಅನ್ನಿಯ ತರಗತಿಯ ತಪಾಸಣೆ

ವಾರಿಜಾ ಉಡುಪಿಯವಳು, ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಲು ಮಲೇಶಿಯಾಕ್ಕೆ ಬಂದವಳು. ಕ್ಲಾಂಗ್ ಪಟ್ಟಣದ ಸುತ್ತಲಿನ ತಾಳೆ ತೋಟಗಳ ಹೆಂಗಸರಿಗೆ ಉಚಿತವಾಗಿ ರಕ್ತಪರೀಕ್ಷೆ ಮಾಡಬೇಕೆಂಬುದು ಅವಳ ಆಸೆ. ಅದಕ್ಕಾಗಿ ಅಲ್ಲಿನ ದತ್ತಿ ಪ್ರತಿಷ್ಠಾನಕ್ಕೆ ಎರಡು ವರ್ಷ ಅರ್ಜಿ ಹಾಕಿದ್ದಳು: ಹತ್ತೊಂಬತ್ತು ಪುಟ, ಆರು ಕೋಷ್ಟಕ, ಖರ್ಚಿನ ಪಟ್ಟಿಯಲ್ಲಿ ಹತ್ತಿಯ ಉಂಡೆಯನ್ನೂ ಬಿಟ್ಟಿರಲಿಲ್ಲ. ಎರಡು ಸಲವೂ ಅನುದಾನ ಹೋದದ್ದು ಅನ್ನಿಗೆ. ಮಂಗಳೂರಿನ ಅನ್ನಿಗೆ ಕ್ಲಾಂಗ್ ಬಂದರಿನ ಸರಕು ಕಂಪನಿಯಲ್ಲಿ ಕೆಲಸ. ಭಾನುವಾರ ತೋಟದ ಮಕ್ಕಳಿಗೆ ಓದು ಕಲಿಸುತ್ತಿದ್ದಳು. ತನ್ನ ಅರ್ಜಿ ಎರಡೂವರೆ ಪುಟ, ಅದೂ ಕೈಬರಹ ಎಂದು ಅವಳೇ ಒಮ್ಮೆ ನಗುತ್ತ ಹೇಳಿದ್ದಳು. ಅಂದು ವಾರಿಜಾಳಿಗೆ ಊಟ ಸೇರಲಿಲ್ಲ.

ತೊಂಬತ್ತೆಂಟರಲ್ಲಿ ಅಲ್ಲಿನ ಹಣ ರಿಂಗಿಟ್‌ನ ಬೆಲೆ ಕುಸಿದು ಪ್ರತಿಷ್ಠಾನದ ಕೈ ಬಿಗಿಯಾಯಿತು. ಆ ವರ್ಷ ಒಂದೇ ಅನುದಾನ. ತಪಾಸಣೆಗೆ ಸಿಬ್ಬಂದಿಯೂ ಇಲ್ಲ. ಅರ್ಜಿದಾರರೇ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ವರದಿ ಕೊಡಬೇಕೆಂದಾಯಿತು. ವಾರಿಜಾಳ ಪಾಲಿಗೆ ಬಂದದ್ದು ಅನ್ನಿಯ ತರಗತಿ.

ತಪ್ಪು ಸಿಕ್ಕೀತೆಂಬ ಆಸೆ ಹೊತ್ತೇ ಹೋದಳು. ಅರ್ಜಿಯಲ್ಲಿ ಮಕ್ಕಳು ಇಪ್ಪತ್ತನಾಲ್ಕು. ಎಣಿಸಿದಳು; ಮತ್ತೊಮ್ಮೆ ಎಣಿಸಿದಳು. ಮೂವತ್ತೊಂದು.

“ಎಂತ ಅನ್ನಿ ಇದು? ಇಪ್ಪತ್ತನಾಲ್ಕು ಅಂತ ಬರ್ದಿದ್ದೀಯಲ್ಲ?”

“ಕುರ್ಚಿ ಇಪ್ಪತ್ತನಾಲ್ಕೇ ಇರುದು ವಾರಿಜಕ್ಕ. ಅದನ್ನೇ ಎಣಿಸಿ ಬರ್ದೆ. ಉಳಿದವು ನೆಲದಲ್ಲಿ ಕೂತ್ಕೊಳ್ತಾವೆ ಲಾ,” ಎಂದು ಅನ್ನಿ ಅಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿದಳು.

“ಕುರ್ಚಿ ಕೇಳ್ಬಹುದಿತ್ತಲ್ಲ?”

“ಜಾಸ್ತಿ ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ರೆ.”

ವಾರಿಜಾ ವರದಿಯ ಹಾಳೆ ತೆಗೆದಳು. ಇವಳು ಮೋಸಗಾರ್ತಿಯಾಗಿದ್ದರೆ ಸಹಿಸಬಹುದಿತ್ತು.

ವರದಿಯಲ್ಲಿ ಎರಡೇ ಚೌಕ: ಹೊಂದುತ್ತದೆ, ಹೊಂದುವುದಿಲ್ಲ. ಎರಡನೆಯದಕ್ಕೆ ಗುರುತು ಬಿದ್ದರೆ ಅರ್ಜಿ ಹೊರಗೆ; ಅನುದಾನ ಬಹುಶಃ ತನಗೇ. ಸುಳ್ಳೇನೂ ಅಲ್ಲವಲ್ಲ, ಸಂಖ್ಯೆ ಹೊಂದುವುದಿಲ್ಲ. ಗುರುತು ಹಾಕಿ ಪೆನ್ನು ಮುಚ್ಚಿದಳು. ಆದರೆ ಪ್ರಯೋಗಾಲಯದಲ್ಲಿ ಇಂಥ ಅರ್ಧ ಫಲಿತಾಂಶ ಬರೆದ ವಿದ್ಯಾರ್ಥಿಗಳ ಪುಟಕ್ಕೆ ಕೆಂಪು ಗೀಟು ಎಳೆಯುತ್ತ ಬಂದವಳು ಅವಳು. ಹಲ್ಲು ಕಚ್ಚಿ ಪೆನ್ನು ತೆರೆದು ಪಕ್ಕದಲ್ಲಿ ಬರೆದಳು: ‘ಹೇಳಿದ್ದಕ್ಕಿಂತ ಏಳು ಮಕ್ಕಳು ಹೆಚ್ಚು. ಅವರಿಗೆ ಕುರ್ಚಿಗಳಿಲ್ಲ.’

ತಿಂಗಳ ಮೇಲೆ ಅನ್ನಿಯ ಫೋನು ಬಂತು.

“ನಮಗೇ ಬಂತು ವಾರಿಜಕ್ಕ. ನೀವು ಬರ್ದದ್ದು ಓದಿ ಕುರ್ಚಿಯೂ ಕೊಡ್ತಾರಂತೆ.”

“ಒಳ್ಳೇದಾಯ್ತು.”

“ಮಕ್ಕಳಿಗೆ ಒಂದು ಸಣ್ಣ ಊಟ ಇಟ್ಟಿದ್ದೇವೆ. ನೀವು ಬರ್ಲೇಬೇಕು.”

“ಆ ದಿನ ನಂಗೆ ಉತ್ತರಪತ್ರಿಕೆ ತಿದ್ಲಿಕ್ಕುಂಟು ಅನ್ನಿ.”

“ಯಾವ ದಿನ ಅಂತ ನಾನಿನ್ನೂ ಹೇಳ್ಲೇ ಇಲ್ಲ,” ಎಂದಳು ಅನ್ನಿ.