ಅತ್ತಿಗೆಯ ಬಲಗೈ

ಎದುರು ಮನೆಯವರು ಮೊನ್ನೆ ಗೋಡೆಗೆ ಸುಣ್ಣ ಹೊಡೆಸಿದರು. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಮಾನ್ವಿಯ ನಮ್ಮ ಮನೆಯ ಪಡಸಾಲೆ ನೆನಪಾಯಿತು. ಅಲ್ಲಿ ಗೋಡೆಗೆ ಮುಖ ಮಾಡಿ ನಿಂತ ನನ್ನ ಅತ್ತಿಗೆ... ಬೆರಳ ತುದಿಗೆಲ್ಲ ಸುಣ್ಣ.

ಎಂಬತ್ತರ ದಶಕದ ಮೊದಲ ವರ್ಷಗಳು. ಅತ್ತಿಗೆಗೆ ಎದೆಯ ಕ್ಯಾನ್ಸರ್ ಆಗಿತ್ತು. ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಬಲಗಡೆಯದನ್ನು ತೆಗೆದಿದ್ದರು. ಮುಂದೆ ಕರೆಂಟ್ ಕೊಡಬೇಕು; ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೆಯೇ ಅನ್ನುತ್ತಿದ್ದರು. ಆದರೆ ಕೈಯನ್ನು ತಲೆಯ ಮೇಲಿಟ್ಟು ಮಲಗಲು ಬಂದರೆ ಮಾತ್ರ ಅದು ಸಾಧ್ಯವಂತೆ, ಅತ್ತಿಗೆಯ ಬಲಗೈ ಭುಜದಿಂದ ಮೇಲೆ ಏಳುತ್ತಲೇ ಇರಲಿಲ್ಲ. ದೀಪಾವಳಿಯೊಳಗೆ ಕೈ ಏಳಲೇಬೇಕು, ರೋಗ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತ ಸ್ವಲ್ಪ ಸ್ವಲ್ಪ ಮೇಲೆ ಹೋಗಬೇಕು. ಅಣ್ಣ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಮಾಡಿಸುವ ಹೊಣೆ ಮದುವೆಯಾಗದ ನಾದಿನಿಯಾದ ನನ್ನದು.

ಮಾಡಿಸಲು ಜನ ಬಿಟ್ಟರೆ ತಾನೆ? ಬೇನೆ ಬಿದ್ದವರನ್ನು ಮಾತಾಡಿಸಲು ಬರದಿದ್ದರೆ ನಮ್ಮಲ್ಲಿ ಅದು ದೊಡ್ಡ ತಪ್ಪು. ಬೆಳಗಿನ ಬಸ್ಸಿಗೆ ದೇವದುರ್ಗದವರು, ಮಧ್ಯಾಹ್ನದ ಬಸ್ಸಿಗೆ ಮತ್ತೊಬ್ಬರು. ಜಾಲಹಳ್ಳಿಯ ದೊಡ್ಡವ್ವ ಅಂತೂ ಅತ್ತಿಗೆ ಗೋಡೆಗೆ ನಿಂತದ್ದನ್ನು ನೋಡಿ ಕೈಚೀಲ ಅಲ್ಲೇ ಒಗೆದು ಬಂದಳು.

"ಯವ್ವಾ, ಬ್ಯಾನಿ ಮನಿಷ್ಯಾಳ್ನ ಗೋಡಿಗಿ ನಿಂದ್ರಿಸೀಯಲ್ಲ! ಸಾಲ್ಯಾಗ ಶಿಕ್ಷಾ ಕೊಟ್ಟಂಗ. ಮಲಕ್ಕೋ ತಾಯಿ, ಮಲಕ್ಕೋ."

"ಡಾಕ್ಟರು ಹೇಳ್ಯಾರ, ದೊಡ್ಡವ್ವ."

"ಡಾಕ್ಟರಿಗೇನು, ಕೊಯ್ದು ಕಳಿಸ್ಯಾನ. ನೋಯೋದು ಇಕಿಗಿ."

ಅತ್ತಿಗೆ ಹೋಗಿ ಮಲಗಿಯೇಬಿಡುತ್ತಿದ್ದಳು. ದೊಡ್ಡವರ ಮಾತು ಮೀರಬಾರದಂತೆ. ಬಂದವರು ಹೋದ ಮೇಲೆ ನಾನು ಕೂಗಾಡುತ್ತಿದ್ದೆ.

"ನಿನಗ ಜೀವ ಬೇಕೋ, ಒಳ್ಳೇಕಿ ಅನ್ನಿಸ್ಕೊಳ್ಳೋದು ಬೇಕೋ, ಅತ್ತಿಗೀ?"

"ಎರಡೂ ಬೇಕವ್ವ," ಎಂದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅವಳು ಎಡಗೈಯಲ್ಲಿ ಚಹಾ ಹಿಡಿದು ಕುಳಿತಿದ್ದಳು. ಬಾಗಿಲಲ್ಲಿ ಅಪ್ಪ ಕೆಮ್ಮಿದ. ಮಾವನ ಎದುರು ಸೊಸೆ ತಲೆಯ ಮೇಲೆ ಸೆರಗಿಲ್ಲದೆ ಇರುವಂತಿರಲಿಲ್ಲ. ಅದಕ್ಕೇ ಅಪ್ಪ ಯಾವಾಗಲೂ ಕೆಮ್ಮಿಯೇ ಒಳಗೆ ಬರುತ್ತಿದ್ದ. ಆಪರೇಷನ್ ಆದಾಗಿನಿಂದ ಅತ್ತಿಗೆ ಸೆರಗನ್ನು ಎಡಗೈಯಲ್ಲೇ ಎಳೆದುಕೊಳ್ಳುತ್ತಿದ್ದಳು. ಅವತ್ತು ಆ ಕೈಯಲ್ಲಿ ಬಿಸಿ ಚಹಾ. ಬಲಗೈ ತಾನಾಗಿ ಎದ್ದಿತು. ನೋವಿಗೆ ಮುಖ ಕಿವುಚಿದಳು, ಆದರೆ ಸೆರಗು ಹಣೆಯ ತನಕ ಬಂತು.

ನಾನು ಗೋಗರೆದರೆ ಕಿವಿಯ ಮಟ್ಟಕ್ಕೂ ಬಾರದ ಕೈ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನನ್ನು ಹೊರಗೆ ಕರೆದು, ಇನ್ನು ಮೇಲೆ ಒಳಗೆ ಹೊರಗೆ ಅಡ್ಡಾಡುತ್ತಲೇ ಇರು ಎಂದೆ.

ಮರುದಿನದಿಂದ ಅದೇ ವ್ಯಾಯಾಮ. ಅವಳ ಎಡಗೈಗೆ ನಾನು ಏನಾದರೊಂದು ಹಿಡಿಸುತ್ತಿದ್ದೆ. ಅಪ್ಪ ಕೆಮ್ಮುತ್ತಿದ್ದ, ಬರುತ್ತಿದ್ದ, ಹೋಗುತ್ತಿದ್ದ. ಸೆರಗು ಏರುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಬಂದ ದೊಡ್ಡವ್ವ ಮೆಚ್ಚಿ ನೋಡುತ್ತ ಕುಳಿತಳು. "ಬ್ಯಾನ್ಯಾಗೂ ಎಷ್ಟು ಮರ್ಯಾದಿ ನೋಡು!" ಕೊನೆಗೆ ಅಪ್ಪನೇ ಬೇಸತ್ತ.

"ಲೇ, ಕೆಮ್ಮಿ ಕೆಮ್ಮಿ ನನಗ ಖರೇನ ಕೆಮ್ಮು ಹತ್ಯಾದ. ಅಕಿಗಿ ಆ ಗೋಡೀನೇ ಹತ್ತಾಕ ಹೇಳು."

ಅತ್ತಿಗೆ ಸೆರಗಿನೊಳಗೆ ಮುಖ ಮುಚ್ಚಿ ನಕ್ಕಳು.

ದೀಪಾವಳಿಯ ಹೊತ್ತಿಗೆ ಕೈ ತಲೆಯ ಮೇಲೆ ಹೋಯಿತು. ಕರೆಂಟ್ ಕೊಟ್ಟರು. ಆ ಕೈಯಿಂದಲೇ ಅವಳು ಮತ್ತೆ ರೊಟ್ಟಿ ಬಡಿದಳು, ನನ್ನ ಮದುವೆಯಲ್ಲಿ ಜಡೆ ಹೆಣೆದು ಹೂ ಮುಡಿಸಿದಳು. ಕೆಲವು ವರ್ಷ ಹಾಗೆ... ಆಮೇಲೆ ರೋಗ ಬೆನ್ನೆಲುಬಿಗೆ ಬಂತು. ಅದಕ್ಕೆ ಡಾಕ್ಟರು ಯಾವ ವ್ಯಾಯಾಮವನ್ನೂ ಹೇಳಲಿಲ್ಲ.

ಈಗಲೂ ಅವಳ ಮಾತು ಬಂದರೆ ನೆಂಟರು, "ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು," ಅನ್ನುತ್ತಾರೆ. ಗಂಡ ಇರುವಾಗಲೇ ಸಾಯುವುದು ಪುಣ್ಯವಂತೆ. ನನಗೆ ಇಂದಿಗೂ ತಡೆದುಕೊಳ್ಳಲು ಆಗುವುದಿಲ್ಲ. ಅವಳಿಗೆ ಬೇಕಿದ್ದದ್ದು ಬದುಕು. ಅದಕ್ಕಾಗಿ ನೋವು ನುಂಗಿ ಕೈ ಎತ್ತಿದಳು, ಒಂದಷ್ಟು ವರ್ಷ ಪಡೆದುಕೊಂಡಳು. ಸಾಲಲಿಲ್ಲ.