ಮೇಷ್ಟ್ರಿಗೆ ಅವರು ಏನಾಗಬೇಕು?

ಓಲಾಡುವ ಹಡಗಿನ ಮೇಲಿರುವವರಂತೆ ಕಾಲು ಅಗಲಿಸಿ ನಿಂತು, ಮೈಯನ್ನು ಅತ್ತಿತ್ತ ತೂಗುತ್ತ ಪಾಠ ಮಾಡುತ್ತಿದ್ದರು ತರೀಕೆರೆಯ ನಮ್ಮ ಇಂಗ್ಲಿಷ್ ಮೇಷ್ಟ್ರು. ಸಮುದ್ರ ಕಂಡವರಲ್ಲ. ಹಳೆಯ ಅಮೆರಿಕದ ಹಡಗಿನ ಕಾದಂಬರಿಗಳ ಹುಚ್ಚು, ಅಷ್ಟೆ. ಒಂದೇ ಕಂಬಳಿ ಹೊದ್ದು ಮಲಗುವ ನಾವಿಕರು, ದ್ವೀಪದಲ್ಲಿ ಸಿಕ್ಕ ಗೆಳೆಯನಿಗಾಗಿ ಹಡಗನ್ನೇ ಬಿಟ್ಟವರು, ಹೀಗೆ ಸಿಲಬಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಿದ್ದರು. ಪರೀಕ್ಷೆ ಬಂದರೂ ಗ್ರಾಮರ್ ಮುಗಿದಿರುತ್ತಿರಲಿಲ್ಲ.

ನನಗೆ ಆಗಲೂ ಬಾಯಿ ಜಾಸ್ತಿ. "ಹಡಗಲ್ಲಿ ಹೆಂಗಸ್ರೇ ಇರಲ್ವಾ ಸಾ?" ಎಂದು ಕೇಳಿದೆ.

"ಇರಲ್ಲ ಕಣಮ್ಮಾ."

"ಮತ್ತೆ ವರ್ಷಗಟ್ಲೆ ಬೇಜಾರಾಗಲ್ವಾ ಅವ್ರಿಗೆ?"

"ಒಬ್ರಿಗೊಬ್ರು ಇರ್ತಾರಲ್ಲಮ್ಮಾ."

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ.

ಅವರ ಮನೆಯಲ್ಲಿ ಇನ್ನೊಬ್ಬರಿದ್ದರು, ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ದನಗಳಿಗೆ ಔಷಧಿ ಕುಡಿಸುವ ಕಾಂಪೌಂಡರು. ಹರೆಯದಲ್ಲಿ ಬಾಡಿಗೆ ಹಂಚಿಕೊಳ್ಳಲು ಜೊತೆಯಾದವರು ರಿಟೈರಾದ ಮೇಲೂ ಜೊತೆಗೇ ಇದ್ದರು. ತಲೆ ನೆರೆತರೂ ಊರಿನವರ ಬಾಯಲ್ಲಿ ಕಾಂಪೌಂಡರು 'ಮೇಷ್ಟ್ರ ರೂಮ್‌ಮೇಟ್'. ಸಾರಿಗೆ ಹುಳಿ ಹೆಚ್ಚಾಯಿತೆಂದು ಇಬ್ಬರೂ ಜಗಳವಾಡಿದರೆ ಬೀದಿಗೆಲ್ಲ ಕೇಳುತ್ತಿತ್ತು. ಕೊನೆಗೆ ಮೇಷ್ಟ್ರೇ ಸೋತು, "ಆಯ್ತು ಕಣೋ, ನಾಳೆ ನೀನೇ ಮಾಡು" ಎನ್ನುತ್ತಿದ್ದರು.

ಮೇಷ್ಟ್ರ ಕಥೆಗಳ ಋಣದಲ್ಲೇ ನಾನು ಡಾಕ್ಟರೇಟ್ ಪಡೆದೆ. ಹಡಗಿನ ಕಾದಂಬರಿಗಳಲ್ಲಿ ಗಂಡಸರ ನಡುವಿನ ಪ್ರೀತಿ, ಅದೇ ವಿಷಯ. ಕಡೂರಿನಲ್ಲಿ ಕಾಲೇಜಿನ ಕೆಲಸವೂ ಸಿಕ್ಕಿತು. ಸೆಮಿನಾರುಗಳಲ್ಲಿ ಆ ಪ್ರೀತಿಯ ಬಗ್ಗೆ ಅಳುಕಿಲ್ಲದೆ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ನನ್ನ ಪುಸ್ತಕ ಬಂದಾಗ ಮೇಷ್ಟ್ರು ಅದನ್ನು ಮೂಸಿ ನೋಡಿ, "ಪರ್ವಾಗಿಲ್ಲ ಕಣಮ್ಮಾ, ಉಪ್ಪುನೀರಿನ ವಾಸ್ನೆ ಬಂದಿದೆ" ಎಂದಿದ್ದರು.

ಕಳೆದ ವರ್ಷ ಅವರಿಗೆ ಎದೆನೋವು ಬಂದಾಗ ನಾನೂ ಕಾಂಪೌಂಡರೂ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಐಸಿಯು ಬಾಗಿಲಲ್ಲಿ ನರ್ಸ್ ಕಾಂಪೌಂಡರನ್ನು ತಡೆದಳು. "ಸಂಬಂಧಿಕರು ಮಾತ್ರ. ಇವ್ರು ಪೇಷೆಂಟ್‌ಗೆ ಏನಾಗ್ಬೇಕು?" ಎಂದು ನನ್ನನ್ನು ಕೇಳಿದಳು. ಕಾಂಪೌಂಡರೂ ನನ್ನ ಮುಖ ನೋಡಿದರು. ಸುದ್ದಿ ಕೇಳಿ ಬಂದ ಮೇಷ್ಟ್ರ ಅಣ್ಣನ ಮಗ ಪಕ್ಕದಲ್ಲೇ ನಿಂತಿದ್ದ.

"ರೂಮ್‌ಮೇಟ್" ಎಂದೆ.

ಅಣ್ಣನ ಮಗನನ್ನು ಒಳಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಹೋದರು. ಹೊರಗಿನ ಬೆಂಚಿನ ಮೇಲೆ ಕಾಂಪೌಂಡರು ಕೂತೇ ಇದ್ದರು. ಆ ಬೆಂಚು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಿಥಿಯ ದಿನ ಕಾಂಪೌಂಡರ ಕೈ ಹಿಡಿದು ತಪ್ಪಾಯಿತೆಂದೆ.

"ಬಿಡಮ್ಮಾ, ನನ್ ಬಾಯಿಗೂ ಏನೂ ಬರ್ಲಿಲ್ಲ" ಎಂದರು. ಆಮೇಲೆ ಕೇಳಿದರು: "ನಂಗೆ ಇಂಗ್ಲಿಷ್ ಬರಲ್ಲ. ನಿನ್ ಪುಸ್ತಕದಾಗೆ ಅಂಥೋರ್ಗೆ ಏನೋ ಒಂದ್ ಪದ ಬರ್ದಿದೀಯಂತಲ್ಲ, ಅದಕ್ಕೆ ನಮ್ ಕನ್ನಡದಾಗೆ ಏನಂತಾರೆ?"

ಸುತ್ತ ಮೇಷ್ಟ್ರ ನೆಂಟರೆಲ್ಲ ಕೂತಿದ್ದರು.

"ಸಂಗಾತಿ" ಎಂದೆ. ಆಗಲೂ ಅವರ ಕಿವಿಯಲ್ಲೇ ಹೇಳಿದೆ.